ಜನವರಿ ಜಾತ್ರೆ ನಿಂತ ಮೇಲೆ

ವಿಜ್ಞಾನಿಗಳ ನೂರು ವರ್ಷ ದಾಟಿದ ಸಮ್ಮೇಳನವೊಂದು ಸದ್ದಿಲ್ಲದೆ ನಿಂತುಹೋಯಿತು. ದೊಡ್ಡ ಪ್ರಯೋಗಾಲಯಗಳಿಗೆ ಇದರಿಂದ ಆದ ನಷ್ಟ ಕಡಿಮೆ. ಮೆಣಸಿನಕಾಯಿ, ಗೋವಿನಜೋಳ, ಬೀಜೋತ್ಪಾದನೆಯನ್ನೇ ನೆಚ್ಚಿಕೊಂಡ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಿಗೆ ಆದದ್ದು ಹೆಚ್ಚು.

2023ರ ಜನವರಿ ಮೊದಲ ವಾರ ಹಾವೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. 6ರಿಂದ 8ರವರೆಗೆ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ದೊಡ್ಡರಂಗೇಗೌಡರ ಅಧ್ಯಕ್ಷತೆ. ಅದೇ ವಾರ, 3ರಿಂದ 7ರವರೆಗೆ, ನಾಗಪುರದಲ್ಲಿ 108ನೇ ಭಾರತೀಯ ವಿಜ್ಞಾನ ಕಾಂಗ್ರೆಸ್. ಎರಡಕ್ಕೂ ಕೋವಿಡ್ ಅಡ್ಡ ಬಂದಿತ್ತು. ವಿಜ್ಞಾನಿಗಳು ಅದಕ್ಕೆ ಮೊದಲು ಸೇರಿದ್ದು 2020ರ ಜನವರಿಯಲ್ಲಿ, ಬೆಂಗಳೂರಿನಲ್ಲಿ. ಸಾಹಿತಿಗಳು ಸೇರಿದ್ದು ಅದೇ ವರ್ಷದ ಫೆಬ್ರುವರಿಯಲ್ಲಿ, ಕಲಬುರ್ಗಿಯಲ್ಲಿ. ಮೂರು ವರ್ಷ ಕಾದು ಎರಡೂ ಒಂದೇ ವಾರದಲ್ಲಿ ಮತ್ತೆ ನೆರೆದವು.

ಅಲ್ಲಿಂದ ಮುಂದೆ ದಾರಿ ಬೇರೆಯಾಯಿತು. ಸಾಹಿತ್ಯ ಸಮ್ಮೇಳನ ತಡವಾದರೂ 2024ರ ಡಿಸೆಂಬರ್‌ನಲ್ಲಿ ಮಂಡ್ಯ ಸೇರಿತು. ವಿಜ್ಞಾನ ಕಾಂಗ್ರೆಸ್ 2024ರ ಜನವರಿಯಲ್ಲಿ ನಡೆಯಲಿಲ್ಲ, 2025ರ ಜನವರಿಯಲ್ಲೂ ನಡೆಯಲಿಲ್ಲ. 1914ರಿಂದ 2020ರವರೆಗೆ ಎರಡು ಮಹಾಯುದ್ಧ, ದೇಶ ವಿಭಜನೆ, ತುರ್ತು ಪರಿಸ್ಥಿತಿ ಎಲ್ಲವನ್ನೂ ದಾಟಿ, ವರ್ಷಕ್ಕೊಂದರಂತೆ 107 ಅಧಿವೇಶನ ನಡೆಸಿದ ಸಂಸ್ಥೆ ಅದು. ಸಾಹಿತ್ಯ ಸಮ್ಮೇಳನದ ದಿನಾಂಕ ಒಂದು ತಿಂಗಳು ಮುಂದೆ ಹೋದರೆ ಹಾವೇರಿಯ ಚಹಾದಂಗಡಿಯಲ್ಲೂ ಅದೇ ಮಾತು. ವಿಜ್ಞಾನ ಕಾಂಗ್ರೆಸ್ ನಿಂತಾಗ ‘ಯಾಕೆ’ ಎಂದು ಕೇಳಿದವರು ಎಷ್ಟು ಮಂದಿ?

ಓರಗೆಯ ಎರಡು ಸಂಸ್ಥೆಗಳು

ಇವೆರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಜೆ.ಎಲ್. ಸೈಮನ್ಸನ್ ಮತ್ತು ಲಖನೌದ ಕ್ಯಾನಿಂಗ್ ಕಾಲೇಜಿನ ಪಿ.ಎಸ್. ಮ್ಯಾಕ್‌ಮಹೋನ್ ಎಂಬ ಇಬ್ಬರು ರಸಾಯನಶಾಸ್ತ್ರದ ಪ್ರಾಧ್ಯಾಪಕರಿಗೆ, ಇಷ್ಟು ದೊಡ್ಡ ದೇಶದಲ್ಲಿ ಚದುರಿ ಹೋಗಿರುವ ವಿಜ್ಞಾನಿಗಳು ವರ್ಷಕ್ಕೊಮ್ಮೆಯಾದರೂ ಮುಖಾಮುಖಿ ಆಗಬೇಕು ಎನಿಸಿತು. ಇಂಗ್ಲೆಂಡಿನ ಬ್ರಿಟಿಷ್ ಅಸೋಸಿಯೇಷನ್ ಅವರ ಕಣ್ಣ ಮುಂದಿದ್ದ ಮಾದರಿ. 1914ರ ಜನವರಿ 15ರಿಂದ 17ರವರೆಗೆ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ, ಅಶುತೋಷ್ ಮುಖರ್ಜಿ ಅವರ ಅಧ್ಯಕ್ಷತೆಯಲ್ಲಿ ಮೊದಲ ಅಧಿವೇಶನ ನಡೆಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು, ಎಚ್.ವಿ. ನಂಜುಂಡಯ್ಯ ಮೊದಲ ಸಮ್ಮೇಳನದ ಅಧ್ಯಕ್ಷರಾದರು.

ಕರ್ನಾಟಕಕ್ಕೆ ಈ ವಿಜ್ಞಾನ ಸಮ್ಮೇಳನ ಹೊಸತೇನಲ್ಲ. ನಾಲ್ಕನೇ ಅಧಿವೇಶನವೇ 1917ರಲ್ಲಿ ಬೆಂಗಳೂರಿಗೆ ಬಂದಿತ್ತು. 1923ರ ಲಖನೌ ಅಧಿವೇಶನಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಅಧ್ಯಕ್ಷರು. 1951ರಲ್ಲಿ ಬೆಂಗಳೂರಿನಲ್ಲಿ ಹೋಮಿ ಭಾಭಾ ಅಧ್ಯಕ್ಷತೆ ವಹಿಸಿದರು. ಮೈಸೂರು 1982ರಲ್ಲಿ, ಮತ್ತೆ 2016ರಲ್ಲಿ ಆತಿಥ್ಯ ವಹಿಸಿತು. 2020ರ ಬೆಂಗಳೂರು ಅಧಿವೇಶನ ನಡೆದದ್ದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಹಿಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ.ಎಸ್. ರಂಗಪ್ಪ ಅವರ ಅಧ್ಯಕ್ಷತೆಯಲ್ಲಿ. ಅದರ ವಿಷಯವೇ ಗ್ರಾಮೀಣ ಅಭಿವೃದ್ಧಿ. ರೈತರ ವಿಜ್ಞಾನ ಕಾಂಗ್ರೆಸ್ ಎಂಬ ಪ್ರತ್ಯೇಕ ಗೋಷ್ಠಿ ಮೊದಲ ಸಲ ಸೇರ್ಪಡೆಯಾದದ್ದೂ ಅಲ್ಲೇ. ಹೊಲದ ಬದುವಿನತ್ತ ಆಗತಾನೇ ತಿರುಗಿದ್ದ ಈ ಸಮ್ಮೇಳನ, ಆಮೇಲೆ ಒಂದೇ ಒಂದು ಅಧಿವೇಶನ ಮುಗಿಸಿ ನಿಂತಿತು.

ನಿಂತದ್ದು ಹೇಗೆ?

ಸಮ್ಮೇಳನ ನಡೆಸುವುದು ಕೋಲ್ಕತ್ತದ ಭಾರತೀಯ ವಿಜ್ಞಾನ ಕಾಂಗ್ರೆಸ್ ಸಂಘ. ಹಣದ ಬಹುಪಾಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. ವರ್ಷಕ್ಕೆ ಸುಮಾರು 5 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. 109ನೇ ಅಧಿವೇಶನ ಮೊದಲು ಲಖನೌ ವಿಶ್ವವಿದ್ಯಾಲಯದಲ್ಲಿ ಎಂದಿತ್ತು. ಅದು ಪಂಜಾಬಿನ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ಬದಲಾಯಿತು. ಈ ಬದಲಾವಣೆ ಇಲಾಖೆಗೆ ಸರಿಬರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಇಲಾಖೆ ಹಣಕಾಸಿನ ಅಕ್ರಮದ ಆರೋಪ ಹೊರಿಸಿ ಬೆಂಬಲ ಹಿಂತೆಗೆದುಕೊಂಡಿತು. ಸಂಘ ಆರೋಪ ಒಪ್ಪಲಿಲ್ಲ, ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಡಿಸೆಂಬರ್ ಹೊತ್ತಿಗೆ ಪಂಜಾಬಿನ ವಿಶ್ವವಿದ್ಯಾಲಯವೂ ಕೈಚೆಲ್ಲಿತು. ಜನವರಿ ಬಂತು, ಹೋಯಿತು.

ದೂರು ಬರೀ ದುಡ್ಡಿನದ್ದಾಗಿದ್ದರೆ ದೇಶದ ವಿಜ್ಞಾನಿಗಳು ಸಂಘದ ಬೆನ್ನಿಗೆ ನಿಲ್ಲುತ್ತಿದ್ದರೇನೋ. ಆದರೆ ಅಷ್ಟರೊಳಗೆ ಈ ವೇದಿಕೆ ತನ್ನ ಮಾನವನ್ನು ತಾನೇ ಕಳೆದುಕೊಂಡಿತ್ತು. 2015ರ ಮುಂಬೈ ಅಧಿವೇಶನದಲ್ಲಿ ವೇದಕಾಲದ ವಿಮಾನಗಳ ಕುರಿತು ಪ್ರಬಂಧ ಮಂಡನೆಯಾಯಿತು. 2019ರಲ್ಲಿ ಜಲಂಧರದ ಬಳಿ ನಡೆದ ಅಧಿವೇಶನದಲ್ಲಿ ಕುಲಪತಿಯೊಬ್ಬರು ಕೌರವರು ಪ್ರನಾಳ ಶಿಶುಗಳೆಂದರು. ಅದೂ ಮಕ್ಕಳು ಕೂತಿದ್ದ ಸಭೆಯಲ್ಲಿ. ಇನ್ನೊಬ್ಬರು ನ್ಯೂಟನ್, ಐನ್‌ಸ್ಟೈನ್ ಇಬ್ಬರೂ ತಪ್ಪೆಂದರು. ನೊಬೆಲ್ ಪುರಸ್ಕೃತ ವೆಂಕಟರಾಮನ್ ರಾಮಕೃಷ್ಣನ್ 2016ರಲ್ಲೇ ಇದನ್ನು ಸರ್ಕಸ್ ಎಂದು ಕರೆದು, ಇನ್ನು ಬರುವುದಿಲ್ಲ ಎಂದಿದ್ದರು. ಪ್ರಧಾನಿ ಉದ್ಘಾಟಿಸುವ ದಿನ ಪೆಂಡಾಲ್ ತುಂಬುತ್ತಿತ್ತು. ಮರುದಿನ ಗೋಷ್ಠಿಗಳಲ್ಲಿ ಕುರ್ಚಿ ಖಾಲಿ ಎಂಬ ದೂರು ಹಳೆಯದು. ಹಾಗಾಗಿ ಬಾಗಿಲು ಮುಚ್ಚಿದಾಗ ದೊಡ್ಡ ವಿಜ್ಞಾನಿಗಳಲ್ಲಿ ಹಲವರು ಹಳಹಳಿಸಲಿಲ್ಲ. ಭೌತವಿಜ್ಞಾನಿಗೆ ಭೌತವಿಜ್ಞಾನದ್ದೇ ಸಮ್ಮೇಳನವಿದೆ, ಜೀವವಿಜ್ಞಾನಿಗೆ ಅವರದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಾಸ್ಟನ್‌ಗೋ ಬರ್ಲಿನ್‌ಗೋ ಹೋಗಿ ಬರುತ್ತಾರೆ.

ಓಓಡಿ ಮೇಲೆ ಹೋಗುತ್ತಿದ್ದವರು

ಕಳೆದುಕೊಂಡವರು ಬೇರೆ. ಸಂಘದ ಸದಸ್ಯತ್ವಕ್ಕೆ ಹೆಸರುವಾಸಿ ಪ್ರಯೋಗಾಲಯದ ಶಿಫಾರಸು ಬೇಕಿರಲಿಲ್ಲ. ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರದ ಉಪನ್ಯಾಸಕರು ಶುಲ್ಕ ಕಟ್ಟಿ ಸದಸ್ಯರಾಗಬಹುದಿತ್ತು, 14 ವಿಭಾಗಗಳಲ್ಲಿ ತಮ್ಮದಕ್ಕೆ ಸಾರಾಂಶ ಕಳಿಸಬಹುದಿತ್ತು. ಅದು ಒಪ್ಪಿಗೆಯಾದರೆ ಪ್ರಾಂಶುಪಾಲರ ಮುಂದೆ ಓಓಡಿ (ಅನ್ಯ ಕಾರ್ಯ ನಿಮಿತ್ತ) ಅರ್ಜಿ ಇಟ್ಟು ರೈಲು ಹತ್ತಬಹುದಿತ್ತು. ಹುಬ್ಬಳ್ಳಿ–ಬೆಂಗಳೂರು ಹಳಿಯ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ನಿಲ್ದಾಣಗಳು. ಬೆಂಗಳೂರಿನಲ್ಲಿ ಅಧಿವೇಶನವಿದ್ದರೆ ಒಂದು ರಾತ್ರಿಯ ಪ್ರಯಾಣ.

ಅಲ್ಲಿ ಸಿಗುತ್ತಿದ್ದದ್ದು ಸರ್ಟಿಫಿಕೇಟ್ ಮಾತ್ರ ಎಂದು ನಗುವವರಿದ್ದಾರೆ. ಬಡ್ತಿಯ ಅಂಕಗಳಿಗೆಂದೇ ಹೋಗಿ ಬಂದವರು ಇಲ್ಲವೆಂದೇನೂ ಅಲ್ಲ. ಆದರೂ ತನ್ನ ವಿಷಯದ ಇನ್ನೊಬ್ಬರು ಕಾಲೇಜಿನಲ್ಲೇ ಇಲ್ಲದ, ಸೂಕ್ಷ್ಮದರ್ಶಕದ ಬಲ್ಬು ಹೋದರೆ ಟೆಂಡರಿಗಾಗಿ ಕಾಯುವ ಉಪನ್ಯಾಸಕರಿಗೆ ವರ್ಷಕ್ಕೊಮ್ಮೆ ಐದು ದಿನ ತಾನೂ ಈ ಬಳಗದವನು, ಬಳಗದವಳು ಎನಿಸುವುದು ಸಣ್ಣ ಮಾತಲ್ಲ. ಸಾಹಿತ್ಯ ಸಮ್ಮೇಳನವನ್ನೂ ಜಾತ್ರೆ ಎಂದು ಹಂಗಿಸುತ್ತಾರೆ. ಜಾತ್ರೆಯ ಗುಣವೇ ಅದು: ದೊಡ್ಡವರಿಗೆ ಗದ್ದಲ ಕಂಡಲ್ಲಿ ಹಳ್ಳಿಯವರಿಗೆ ನೆಂಟರು ಸಿಗುತ್ತಾರೆ.

ಸಣ್ಣ ಊರಿನ ಸಣ್ಣ ಸಭೆ ವಿಜ್ಞಾನಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ದೊಡ್ಡ ಸಾಕ್ಷಿ ಇದೆ. ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲಿನ ತನ್ನ ಪ್ರಯೋಗವನ್ನು 1865ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಓದಿದ್ದು ಲಂಡನ್ನಿನಲ್ಲಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ. ಬ್ರೂನ್ ಎಂಬ ಊರಿನ ನಿಸರ್ಗ ವಿಜ್ಞಾನ ಸಂಘದಲ್ಲಿ. ಅದನ್ನು ಅಚ್ಚು ಹಾಕಿದ್ದೂ ಆ ಸಂಘವೇ. ಜಗತ್ತಿಗೆ ಅದರ ಬೆಲೆ ತಿಳಿದದ್ದು 1900ರಲ್ಲಿ. ಊರ ಸಂಘ ಕೇಳದೆ, ಅಚ್ಚು ಹಾಕದೆ ಹೋಗಿದ್ದರೆ ಹುಡುಕಿದವರಿಗೆ ಸಿಗಲು ಏನೂ ಉಳಿಯುತ್ತಿರಲಿಲ್ಲ. ನಮ್ಮಲ್ಲೂ ಅಷ್ಟೆ. ಸಿ.ವಿ. ರಾಮನ್ ತಾವು ಕಂಡ ಹೊಸ ಬೆಳಕಿನ ಬಗ್ಗೆ ವಿವರವಾಗಿ ಮಾತನಾಡಿದ್ದು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ.

ಮೆಂಡೆಲ್‌ನ ಕೆಲಸ, ರಾಣೆಬೆನ್ನೂರಿನ ಕೈ

ಮೆಂಡೆಲ್ ಮಾಡಿದ ಕೆಲಸವನ್ನು ರಾಣೆಬೆನ್ನೂರು ಸುತ್ತಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಇಂದಿಗೂ ಮಾಡುತ್ತಾರೆ. ಟೊಮೆಟೊ, ಮೆಣಸಿನಕಾಯಿ, ಹತ್ತಿಯ ಹೈಬ್ರಿಡ್ ಬೀಜಕ್ಕೆ ಈ ಸೀಮೆ ಹೆಸರಾದದ್ದೇ ಅವರ ಬೆರಳುಗಳಿಂದ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಬಿಡಿಸಿ ಕೇಸರಗಳನ್ನು ಕಿತ್ತು ಹಾಕಬೇಕು. ಬೆಳಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಹೊಲದಲ್ಲಿ ಇದರ ಹೆಸರು ಕ್ರಾಸಿಂಗ್. ಒಂದು ಮೊಗ್ಗು ತಪ್ಪಿ ತಾನೇ ಕಾಯಿಕಟ್ಟಿದರೆ ಬೀಜದ ಶುದ್ಧತೆ ಕೆಡುತ್ತದೆ, ಕಂಪನಿ ಲಾಟನ್ನೇ ತಿರಸ್ಕರಿಸುತ್ತದೆ. ಯಾವ ತಳಿ ಯಾವ ಬಿಸಿಲಿಗೆ ಕಾಯಿ ಕಚ್ಚುವುದಿಲ್ಲ, ಪರಾಗ ಯಾವ ಹೊತ್ತಿಗೆ ಸತ್ವ ಕಳೆದುಕೊಳ್ಳುತ್ತದೆ ಎಂಬುದೆಲ್ಲ ಈ ಕೈಗಳಿಗೆ ಗೊತ್ತು. ಈ ತಿಳಿವಳಿಕೆ ಯಾವ ಪ್ರಬಂಧದಲ್ಲಿ ಸೇರಿದೆ? ಯಾವ ಗೋಷ್ಠಿಯಲ್ಲಿ ಅವರನ್ನು ಕೂರಿಸಿ ಕೇಳಿದ್ದೇವೆ?

ಬ್ಯಾಡಗಿಯ ಕಥೆಯೂ ವಿಜ್ಞಾನದ್ದೇ. ಸುಕ್ಕು ಮೈಯ, ಕಡುಗೆಂಪು ಬಣ್ಣದ, ಖಾರ ಕಡಿಮೆಯ ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಅದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ರಸಕ್ಕೆ ಆಹಾರದಿಂದ ಲಿಪ್‌ಸ್ಟಿಕ್‌ವರೆಗೆ ಗಿರಾಕಿ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಬರುವ ಚೀಲಗಳಲ್ಲಿ ಬಹಳಷ್ಟು ಈಗ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯವು. ಊರಿನ ಹೆಸರು ಹೊತ್ತ ಬೆಳೆ ಊರಿನ ಹೊಲದಲ್ಲೇ ಕಡಿಮೆಯಾಗುತ್ತ ಬಂದಿದ್ದರೆ ಅದಕ್ಕೆ ಮುಟುರು ರೋಗ ಒಂದು ಕಾರಣ, ಇಳುವರಿ ಇನ್ನೊಂದು. 2021–22ರಲ್ಲಿ ಕಪ್ಪು ಥ್ರಿಪ್ಸ್ ಎಂಬ ನುಸಿ ಬಂದು ಹೂವಿನೊಳಗೇ ಕೂತಿತು. ಹೂವು ಉದುರಿತು, ಕಾಯಿ ನಿಲ್ಲಲಿಲ್ಲ. ಆಗ್ನೇಯ ಏಷ್ಯಾ ಮೂಲದ ಈ ನುಸಿ ಭಾರತದಲ್ಲಿ ಮೊದಲು ಕಂಡದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. ಪಪ್ಪಾಯಿಯ ಮೇಲೆ ಕಂಡವರ ಎಚ್ಚರಿಕೆ ಮೆಣಸಿನಕಾಯಿ ಬೆಳೆಗಾರರನ್ನು ಮುಟ್ಟಲು ನಡುವೆ ಆರು ವರ್ಷವಿತ್ತು. ಮುಟ್ಟಿಸುವ ದಾರಿ ಇರಲಿಲ್ಲ. ಹುಳ ಬಂದ ಮೇಲೆ ರೈತ ಹೋಗಿ ನಿಲ್ಲುವುದು ಗೊಬ್ಬರದಂಗಡಿಯ ಮುಂದೆ. ಅಂಗಡಿಯವರು ಕೊಟ್ಟ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾನೆ. ಕೇಳದಿದ್ದರೆ ಇನ್ನೊಂದು, ಅದಕ್ಕೂ ಕೇಳದಿದ್ದರೆ ಎರಡನ್ನೂ ಬೆರೆಸಿ.

2024ರ ಮಾರ್ಚ್ 11ರಂದು ದರ ಕುಸಿತ ಕಂಡ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದ್ದು ದೇಶದ ಸುದ್ದಿಯಾಯಿತು. ಬೆಂಕಿಯ ಸುದ್ದಿ ಎಲ್ಲರಿಗೂ ತಲುಪಿತು. ಅದಕ್ಕೆ ಮುಂಚಿನ ಖರ್ಚಿನ ಲೆಕ್ಕ, ಎಣ್ಣಿಗೆ ಸುರಿದ ದುಡ್ಡಿನ ಲೆಕ್ಕ ಯಾರಿಗೂ ತಲುಪಲಿಲ್ಲ.

ಹತ್ತಿರದವರು ಹತ್ತಿರದಲ್ಲೇ ನೋಡಿದರೆ ಏನಾಗುತ್ತದೆ ಎಂಬುದಕ್ಕೂ ಪಕ್ಕದಲ್ಲೇ ಉದಾಹರಣೆ ಇದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು ಗೋವಿನಜೋಳದ ಸುಳಿಯಲ್ಲಿ ಹೊಸ ಬಗೆಯ ಹುಳು ಕಂಡರು. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ದಾಟಿ ಅಲ್ಲಿನ ಬೆಳೆ ಮೇಯ್ದಿದ್ದ ಫಾಲ್ ಸೈನಿಕ ಹುಳು ಅದು. ಏಷ್ಯಾದಲ್ಲಿ ಅದನ್ನು ಮೊದಲು ಗುರುತಿಸಿದ್ದೇ ಇವರು. ಹಾವೇರಿ ಜಿಲ್ಲೆಯ ಮುಂಗಾರಿನ ದೊಡ್ಡ ಬೆಳೆಯೇ ಗೋವಿನಜೋಳ. ರೈತರು ಲದ್ದಿ ಹುಳು ಎನ್ನುವ ಇದು ಇಲ್ಲಿಗೆ ಬರಲು ತಡವಾಗಲಿಲ್ಲ. ಆದರೆ ಹೆಸರು ಗೊತ್ತಿತ್ತು, ಎಲ್ಲಿಂದ ಬಂತು, ಯಾವ ಹಂತದಲ್ಲಿ ಹಿಡಿಯಬೇಕು ಎಂಬುದು ಗೊತ್ತಿತ್ತು. ಅದನ್ನು ಪತ್ತೆ ಹಚ್ಚಿದ್ದು ದೆಹಲಿಯ ಪ್ರಯೋಗಾಲಯವಲ್ಲ, ಪಕ್ಕದ ಜಿಲ್ಲೆಯ ಕಾಲೇಜು.

ಒಂದರ ಹಿಂದೆ ಒಂದು

ವಿಜ್ಞಾನ ಕಾಂಗ್ರೆಸ್ ಒಂದೇ ನಿಂತಿದ್ದರೆ ಮಾತು ಬೇರೆ. ಜನರಿಗೆ ವಿಜ್ಞಾನ ಮುಟ್ಟಿಸಲೆಂದೇ 1989ರಲ್ಲಿ ಕೇಂದ್ರ ಸರಕಾರ ಹುಟ್ಟುಹಾಕಿದ್ದ ‘ವಿಜ್ಞಾನ ಪ್ರಸಾರ’ ಸಂಸ್ಥೆಯೂ 2023ರಲ್ಲೇ ಮುಚ್ಚಿತು. ಕನ್ನಡದಲ್ಲಿ ‘ಕುತೂಹಲಿ’ ಮಾಸಪತ್ರಿಕೆ ತಂದಿದ್ದ ಸಂಸ್ಥೆ ಅದು. 2023ರಲ್ಲೇ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಶುರುವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ರಾಜ್ಯ ಸಚಿವ ಸಂಪುಟದ ಉಪಸಮಿತಿ ಹಣವಿಲ್ಲ ಎಂಬ ಕಾರಣಕ್ಕೆ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತಾಡಿತು. ಪಟ್ಟಿಯಲ್ಲಿ ಹಾವೇರಿಯೂ ಇತ್ತು.

ಕೇಂದ್ರ ಸರಕಾರ 2025ರ ನವೆಂಬರ್‌ನಲ್ಲಿ ದೆಹಲಿಯ ಭಾರತ ಮಂಟಪದಲ್ಲಿ ವಿಜ್ಞಾನ, ತಂತ್ರಜ್ಞಾನ, ನವೋದ್ಯಮಗಳ ಹೊಸ ಸಮಾವೇಶ ನಡೆಸಿತು. ಕ್ವಾಂಟಮ್, ಸೆಮಿಕಂಡಕ್ಟರ್, ಕೃತಕ ಬುದ್ಧಿಮತ್ತೆ ಅಲ್ಲಿನ ಮುಖ್ಯ ಮಾತು. ಅದು ಬೇಡವೆನ್ನುವವರಿಲ್ಲ. ಆದರೆ ಹಳೆಯ ಸಮ್ಮೇಳನ ಊರೂರು ತಿರುಗುತ್ತಿತ್ತು. ಹೊಸದು ರಾಜಧಾನಿಯಲ್ಲಿ ಕೂತಿದೆ. ತಾಲ್ಲೂಕು ಕಾಲೇಜಿನ ಉಪನ್ಯಾಸಕರು ಪಪ್ಪಾಯಿ ನುಸಿಯ ಮೇಲಿನ ಪೋಸ್ಟರ್ ಹಿಡಿದು ಹೋಗುವ ಜಾಗ ಅದಲ್ಲ.

ಕನ್ನಡಕ್ಕೆ ಈ ಮುಚ್ಚುವಿಕೆಗಳ ಅನುಭವ ಹಿಂದೆಯೂ ಆಗಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ಆ ಹಾದಿ ಮುಚ್ಚಲಿಲ್ಲ. 1978ರಲ್ಲಿ ‘ಬಾಲ ವಿಜ್ಞಾನ’ ಬಂತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಮಕ್ಕಳ ವಿಜ್ಞಾನ ಸಮಾವೇಶಕ್ಕಾಗಿ ಸರಕಾರಿ ಶಾಲೆಯ ಹುಡುಗಿಯರು ಊರ ಕೆರೆಯ ನೀರು ಅಳೆದು, ಗಿಡದ ಲೆಕ್ಕ ಬರೆದು ಯೋಜನೆ ಮಂಡಿಸುವುದನ್ನು ಕಂಡವರಿಗೆ ಗೊತ್ತು, ಇದಕ್ಕೆ ಬೇಕಿರುವುದು ಕೋಟಿಗಳಲ್ಲ, ಕೇಳುವವರು.

ದೆಹಲಿಗೆ ಅರ್ಜಿ ಬೇಡ

ನಿಂತ ಸಮ್ಮೇಳನವನ್ನು ಹಿಂದಿನಂತೆಯೇ ಮತ್ತೆ ಎಬ್ಬಿಸಿ ಎಂದು ಅರ್ಜಿ ಹಾಕುವುದರಲ್ಲಿ ಹುರುಳಿಲ್ಲ. ಉದ್ಘಾಟನೆಗೆ ಪ್ರಧಾನಿ, ಖರ್ಚಿಗೆ ಇಲಾಖೆ ಎಂಬ ಎರಡೇ ಕಂಬದ ಮೇಲೆ ನಿಂತದ್ದು ಒಂದು ಕಂಬ ಸರಿದ ದಿನ ಬಿತ್ತು. ಕಲಿಯಬೇಕಾದದ್ದು ಓರಗೆಯ ಸಂಸ್ಥೆಯಿಂದ. ಸಾಹಿತ್ಯ ಪರಿಷತ್ತೂ ಸರಕಾರದ ಹಣ ಪಡೆಯುತ್ತದೆ, ಅಲ್ಲೂ ಜಗಳಗಳಿವೆ. ಆದರೆ ಅದಕ್ಕೆ ಜಿಲ್ಲಾ ಸಮ್ಮೇಳನವಿದೆ, ತಾಲ್ಲೂಕು ಸಮ್ಮೇಳನವಿದೆ, ಮತ ಹಾಕುವ ಆಜೀವ ಸದಸ್ಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಮೇಲಿನದು ತಡವಾದರೂ ಕೆಳಗಿನದು ನಡೆಯುತ್ತಿರುತ್ತದೆ. ವಿಜ್ಞಾನಕ್ಕೆ ಆ ಬೇರು ಇರಲಿಲ್ಲ.

ಬೇರು ಬಿಡಲು ಹಾವೇರಿ ಜಿಲ್ಲೆಯಲ್ಲಿ ಮಣ್ಣಿದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಕೃಷ್ಣಮೃಗಗಳಿಗೆಂದು 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯವಿದೆ; ದೊರವಾಯನ ಹಕ್ಕಿ ಅಲ್ಲಿಂದ ಮರೆಯಾದದ್ದು ಏಕೆ, ನೀಲಗಿರಿ ನೆಟ್ಟಿದ್ದಕ್ಕೂ ಅದಕ್ಕೂ ಏನು ನಂಟು ಎಂಬ ಪ್ರಶ್ನೆಯೂ ಅಲ್ಲೇ ಇದೆ. ಡಿಗ್ರಿ ಕಾಲೇಜುಗಳಿವೆ, ಬೀಜ ಕಂಪನಿಗಳ ಪ್ರಯೋಗದ ಹೊಲಗಳಿವೆ. ಇಷ್ಟೆಲ್ಲ ಮೂರು ಊರುಗಳ ನಡುವೆ, ಒಂದೇ ಹೆದ್ದಾರಿಯ ಆಸುಪಾಸಿನಲ್ಲಿ. ಆದರೂ ಪ್ರತಿಯೊಬ್ಬರೂ ತಮ್ಮ ಕಾಂಪೌಂಡಿನೊಳಗೆ. ಧಾರವಾಡದ ಕೃಷಿ ಮೇಳಕ್ಕೆ ಎಲ್ಲರೂ ಹೋಗುತ್ತಾರೆ, ಸರಿ. ಮೇಳದಲ್ಲಿ ತೋರಿಸಿದ್ದನ್ನು ನೋಡಿ ಬರುತ್ತೇವೆ. ಸಮ್ಮೇಳನದಲ್ಲಿ ತೋರಿಸಿದವರನ್ನು ನಿಲ್ಲಿಸಿ ಪ್ರಶ್ನೆ ಕೇಳಬಹುದು.

ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅಂದು ಪ್ರತಿ ಕಾಲೇಜಿನಲ್ಲೂ ಹೇಗೂ ಒಂದು ಭಾಷಣ, ಒಂದು ರಂಗೋಲಿ ಸ್ಪರ್ಧೆ ನಡೆಯುತ್ತದೆ. ಅದರ ಬದಲು ಜಿಲ್ಲೆಗೆಲ್ಲ ಒಂದು ಸಭೆ ಆಗಲಿ. ಕನ್ನಡದಲ್ಲಿ ಆಗಲಿ. ಮಂತ್ರಿಗಳ ಉದ್ಘಾಟನೆ ಇಲ್ಲದಿದ್ದರೂ ನಡೆಯಲಿ. ಒಬ್ಬ ಕೀಟಶಾಸ್ತ್ರಜ್ಞರ ಪಕ್ಕ ಒಬ್ಬ ಮೆಣಸಿನಕಾಯಿ ಬೆಳೆಗಾರ, ಒಬ್ಬ ತಳಿಶಾಸ್ತ್ರಜ್ಞರ ಪಕ್ಕ ಕ್ರಾಸಿಂಗ್ ಮಾಡುವ ಒಬ್ಬ ತಾಯಿ ಕೂರಲಿ. ಪುಷ್ಪಕ ವಿಮಾನದ ಮಾತೆತ್ತಿದವರನ್ನು ಎದ್ದು ನಿಂತು ಪುರಾವೆ ಕೇಳುವ ಧೈರ್ಯ ಸಭೆಗಿರಲಿ. ದೊಡ್ಡ ಸಮ್ಮೇಳನಕ್ಕೆ ಇಲ್ಲದೆ ಹೋದದ್ದು ಅದೇ. ಓದಿದ ಪ್ರಬಂಧಗಳನ್ನು ಅಚ್ಚು ಹಾಕಿ ಜಿಲ್ಲಾ ಗ್ರಂಥಾಲಯದಲ್ಲಿ ಇಡಲಿ.

ಜನ ಎಲ್ಲಿ ಸೇರುತ್ತಾರೆ ಎಂದು ಅಳುಕುವವರಿಗೆ ಒಂದು ಲೆಕ್ಕ ಹೇಳಬೇಕು. 1914ರಲ್ಲಿ ಇಡೀ ದೇಶದಿಂದ ಕಲ್ಕತ್ತೆಗೆ ಬಂದವರು 105 ಮಂದಿ, ಓದಿದ ಪ್ರಬಂಧಗಳು 35. ಅಷ್ಟು ಮಂದಿ ವಿಜ್ಞಾನ ಮೇಷ್ಟ್ರುಗಳು, ಅಷ್ಟು ಪ್ರಶ್ನೆಗಳು ಇವತ್ತಿನ ಹಾವೇರಿ ಜಿಲ್ಲೆಯೊಂದರಲ್ಲೇ ಇವೆ.